ಹೂಂಗುಟ್ಟುವವರು ಬೇಕಾಗಿದ್ದಾರೆ

ಬಹಳ ದಿನಗಳಾದ ಮೇಲೆ ಬರೀತಿದ್ದೀನಿ. ಬರೆಯೋಕೆ ಕಾರಣ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟು. ಪ್ರತಿ ವರ್ಷ ಮೇ ತಿಂಗಳ ಕೊನೆಯ ವಾರ ಅದರೊಳಗೆ ಹತ್ತು ಸಲವಾದರೂ ಕಿವಿಗೆ ಬೀಳುವ ಸಂಭಾಷಣೆ ಇದು:

"ಏನೋ ಪುಟ್ಟ, ಸಮ್ಮರ್ ಕ್ಯಾಂಪಿಗೆ ಹೋಗಿದ್ಯಂತೆ? ಹೇಗಿತ್ತು?"

"ಚೆನ್ನಾಗಿತ್ತು ಆಂಟಿ."

"ಏನೇನು ಮಾಡಿದ್ರಿ?"

"ಎಲ್ಲಾ ಮಾಡಿದ್ವಿ."

ಅಷ್ಟು ಹೊತ್ತಿಗೆ ಮೂರನೇ ಮಹಡಿ ಬಂದಿರುತ್ತೆ. ಪುಟ್ಟ ಬಾಗಿಲು ಪೂರ್ತಿ ತೆರೆಯುವ ಮೊದಲೇ ಓಡಿ ಹೋಗಿರ್ತಾನೆ. ಉಳಿದ ದಾರಿಯಲ್ಲಿ ಅವನಮ್ಮನ ದೂರು ಶುರು. "ನೋಡಿ, ಒಂದು ವಾರ ಹೋಗಿ ಬಂದಿದಾನೆ, ಬಾಯಿ ಬಿಟ್ಟು ಒಂದು ಮಾತು ಹೇಳಲ್ಲ. ಎಲ್ಲಾ ಈ ಮೊಬೈಲ್ ಸಹವಾಸ." ಪಾಪ, ಮೊಬೈಲಿನ ತಲೆ ಮೇಲೆ ಈಗಾಗಲೇ ಬೇಕಾದಷ್ಟು ಆರೋಪಗಳಿವೆ, ಇದೂ ಒಂದು ಇರಲಿ ಅಂತ ನಾನೂ ತಲೆಯಾಡಿಸಿ ಇಳಿದುಬಿಡ್ತೀನಿ. ಲಿಫ್ಟಿನಲ್ಲಿ ವಾದ ಮಾಡೋಕಾಗಲ್ಲವಲ್ಲ. ಇಲ್ಲಿ ಮಾಡಬಹುದು.

ಕನ್ನಡದಲ್ಲಿ 'ಕೇಳೋದು' ಅನ್ನುವ ಮಾತಿಗೆ ಎರಡು ಅರ್ಥ ಇದೆ ನೋಡಿ. ಪ್ರಶ್ನೆ ಕೇಳೋದು, ಕಿವಿಗೊಟ್ಟು ಕೇಳೋದು. ಶಿಬಿರದಿಂದ ಬಂದ ಮಕ್ಕಳ ವಿಷಯದಲ್ಲಿ ನಾವು ಮೊದಲನೆಯದನ್ನು ಜೋರಾಗಿ ಮಾಡ್ತಿದ್ದೇವೆ, ಎರಡನೆಯದನ್ನು ಬಿಟ್ಟೇಬಿಟ್ಟಿದ್ದೇವೆ. ಮಕ್ಕಳು ಹೇಳದೇ ಇರುವುದಕ್ಕೆ ಮುಕ್ಕಾಲು ಪಾಲು ಕಾರಣ ಇದೇ ಅಂತ ನನ್ನ ಅನಿಸಿಕೆ.

ನಮ್ಮ ಪ್ರಶ್ನೆಗಳು ಹೇಗಿರುತ್ತವೆ ಅಂತ ಸ್ವಲ್ಪ ಗಮನಿಸಿ. ಒಂದು ವಾರದ ವಸತಿ ಶಿಬಿರಕ್ಕೆ ಹತ್ತು ಹದಿನೈದು ಸಾವಿರ ಕಟ್ಟಿರುತ್ತೇವೆ. ಹೊಸ ಟಾರ್ಚು, ಹೊಸ ನೀರಿನ ಬಾಟಲಿ, ಹೊಸ ಟೋಪಿಯ ಖರ್ಚು ಬೇರೆ. ಹಾಗಾಗಿ ಮಗು ಬಸ್ಸಿಳಿದ ಕೂಡಲೇ ಶುರುವಾಗೋದು ಲೆಕ್ಕಪರಿಶೋಧನೆ. ಈಜು ಕಲಿತ್ಯಾ? ಬೆಳಗ್ಗೆ ನೀನೇ ಎದ್ದ್ಯಾ? ತರಕಾರಿ ತಿಂದ್ಯಾ? ತಂದ ಟವೆಲ್ ಎರಡೂ ವಾಪಸ್ ಬಂತಾ? ಇವಕ್ಕೆಲ್ಲ ಉತ್ತರ ಹೂಂ ಅಥವಾ ಉಹೂಂ. ಸಂಜೆಗೆ ನೆಂಟರು ಬಂದರೆ ಇನ್ನೊಂದು ಹಂತ. "ಮಾಮಂಗೆ ಆ ಹಾಡು ಹೇಳಿ ತೋರ್ಸು, ಕ್ಯಾಂಪಲ್ಲಿ ಕಲ್ಸಿದ್ರಲ್ಲ." ಆ ಹಾಡನ್ನು ಮಗು ಕತ್ತಲಲ್ಲಿ, ಬೆಂಕಿಯ ಸುತ್ತ, ಮೂವತ್ತು ಮಕ್ಕಳ ಜೊತೆ ಗಂಟಲು ಹರಿಯುವಂತೆ ಕೂಗಿ ಬಂದಿರುತ್ತೆ. ಅದನ್ನು ಸೋಫಾದ ಮುಂದೆ ನಿಂತು ಒಬ್ಬನೇ ಹಾಡು ಅಂದರೆ ಯಾರಿಗೆ ತಾನೇ ಮನಸ್ಸು ಬರುತ್ತೆ?

ನಮ್ಮ ಕಾಲದಲ್ಲಿ ಜೂನ್ ತಿಂಗಳಲ್ಲಿ ಶಾಲೆ ಶುರುವಾದ ಕೂಡಲೇ ಪ್ರಬಂಧ ಬರೆಸ್ತಿದ್ದರು, 'ನಾನು ಬೇಸಿಗೆ ರಜೆಯನ್ನು ಕಳೆದ ಬಗೆ'. ನಿಮಗೂ ಬರೆಸಿರ್ತಾರೆ. ಇಡೀ ತರಗತಿ ಅಜ್ಜಿ ಮನೆಗೆ ಹೋಗಿತ್ತು, ಇಡೀ ತರಗತಿ ಮಾವಿನಹಣ್ಣು ತಿಂದಿತ್ತು, ಎಲ್ಲೂ ಹೋಗದೆ ಮನೆಯಲ್ಲೇ ಇದ್ದವರೂ ಸೇರಿದಂತೆ ಎಲ್ಲರೂ ಮೈಸೂರಿನ ಮೃಗಾಲಯ ನೋಡಿ ಬಂದಿದ್ದರು :-) ಕೊನೆಯ ಸಾಲು ಕಡ್ಡಾಯವಾಗಿ 'ರಜೆ ಮುಗಿದದ್ದೇ ತಿಳಿಯಲಿಲ್ಲ'. ದೊಡ್ಡವರು ಕೇಳುವ ಪ್ರಶ್ನೆಗೆ ಒಂದು ಸಿದ್ಧ ಉತ್ತರ ಇರುತ್ತೆ, ಅದನ್ನು ಕೊಟ್ಟರೆ ಬಿಟ್ಟುಬಿಡ್ತಾರೆ ಅನ್ನೋದನ್ನು ಮಕ್ಕಳು ಬಹಳ ಬೇಗ ಕಲೀತಾರೆ. ಈಗಿನ ಮಕ್ಕಳ 'ಚೆನ್ನಾಗಿತ್ತು' ಅದೇ ಪ್ರಬಂಧದ ಸಂಕ್ಷಿಪ್ತ ರೂಪ, ಅಷ್ಟೇ.

ಹಾಗಂತ ನಾವು ಅಜ್ಜಿ ಮನೆಯ ಕಥೆಗಳನ್ನು ಹೇಳಲೇ ಇಲ್ಲವಾ? ಹೇಳಿದ್ದೇವೆ. ಪ್ರಬಂಧದಲ್ಲಿ ಹೇಳಲಿಲ್ಲ ಅಷ್ಟೇ. ಕರೆಂಟು ಹೋದಾಗ ಹೇಳಿದೆವು. ಹಲಸಿನ ತೊಳೆ ಬಿಡಿಸುವಾಗ ಹೇಳಿದೆವು. ಸಾಲಾಗಿ ಹಾಸಿಗೆ ಹಾಸಿ ಮಲಗಿದ ಮೇಲೆ, ಮಾಡಿನ ಹಂಚು ನೋಡುತ್ತಾ ಹೇಳಿದೆವು. ಎಲ್ಲರ ಕೈಗೂ ಕೆಲಸ ಇರ್ತಿತ್ತು, ಇಲ್ಲಾ ಕತ್ತಲಿರ್ತಿತ್ತು, ಯಾರೂ ಮುಖ ನೋಡ್ತಿರಲಿಲ್ಲ. ಮಾತು ಬರೋಕೆ ಅದು ಬಹಳ ಮುಖ್ಯ ಅನ್ಸುತ್ತೆ. ಎದುರು ಕೂರಿಸಿಕೊಂಡು ಕಣ್ಣಲ್ಲಿ ಕಣ್ಣಿಟ್ಟು 'ಹೇಳು' ಅಂದರೆ ದೊಡ್ಡವರಿಗೇ ಬಾಯಿ ಒಣಗುತ್ತೆ. ಹಾಗಂತ ಅಜ್ಜಿ ಮನೆಯ ಕಾಲ ಬಂಗಾರದ ಕಾಲ ಅಂತೇನೂ ನಾನು ಹೇಳ್ತಿಲ್ಲ. ಆ ಅಟ್ಟ, ಆ ಕೊಟ್ಟಿಗೆಗಳಲ್ಲಿ ನಡೆದ ಕೆಲವು ಸಂಗತಿಗಳನ್ನು ನಲವತ್ತು ದಾಟಿದ ಮೇಲೆ ಮೊದಲ ಬಾರಿ ಹೇಳಿಕೊಂಡ ಗೆಳತಿಯರು ನನಗಿದ್ದಾರೆ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ನಮ್ಮಲ್ಲಿ ಬೇಸಿಗೆ ಶಿಬಿರ ಅಂದರೆ ಮೊದಲಿನಿಂದಲೂ ಹೆಚ್ಚಾಗಿ ಹಗಲಿನ ಶಿಬಿರ. ಬಿ.ವಿ. ಕಾರಂತರು ಕಟ್ಟಿದ ಮೈಸೂರಿನ ರಂಗಾಯಣ ನಡೆಸಿಕೊಂಡು ಬಂದಿರುವ ಚಿನ್ನರ ಮೇಳ ಆ ಥರದ್ದು. ಬೆಂಗಳೂರಿನ ಕಬ್ಬನ್ ಪಾರ್ಕಿನ ಬಾಲಭವನದ್ದೂ ಹಾಗೇ. ಮಗು ಸಂಜೆ ಮನೆಗೆ ಬರುತ್ತೆ, ಬಣ್ಣ ಬಳಿದ ಮುಖದಲ್ಲೇ ಬರುತ್ತೆ, ಏನು ನಡೀತು ಅಂತ ಮುಖದ ಮೇಲೇ ಬರೆದಿರುತ್ತೆ. ವಸತಿ ಶಿಬಿರದ ಹುಚ್ಚು ಈ ಮಟ್ಟಕ್ಕೆ ಏರಿದ್ದು ಇತ್ತೀಚೆಗೆ. ಚಿಕ್ಕಮಗಳೂರು, ಸಕಲೇಶಪುರ, ಕೊಡಗು, ದಾಂಡೇಲಿ, ಅದೂ ದೂರವಾಯಿತು ಅಂದರೆ ಕನಕಪುರ ರಸ್ತೆಯ ಯಾವುದೋ ತೋಟ. ಇದರಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಎಂಟು ಒಂಬತ್ತು ವರ್ಷದ ಮಗುವಿನ ಬದುಕಿನಲ್ಲಿ ಅಪ್ಪ ಅಮ್ಮನಿಗೆ ಗೊತ್ತೇ ಇಲ್ಲದ ಏಳು ದಿನ, ಏಳು ರಾತ್ರಿ ಮೊದಲ ಸಲ ಸೇರಿಕೊಳ್ಳುತ್ತೆ. ಅದು ಅದರ ಸ್ವಂತ ಆಸ್ತಿ. ಅದನ್ನು ಬಿಚ್ಚಿ ತೋರಿಸೋಕೆ ಯಾರಿಗೆ, ಯಾವಾಗ, ಎಷ್ಟು ಅಂತ ಮಗು ಯೋಚಿಸಿದರೆ ಅದರಲ್ಲಿ ತಪ್ಪೇನಿದೆ?

ಆದರೆ ಈ ಆಸ್ತಿಯನ್ನೂ ನಾವು ಬಿಟ್ಟಿಲ್ಲ. ಈಗ ಪ್ರತಿ ಶಿಬಿರಕ್ಕೂ ಒಂದು ವಾಟ್ಸಾಪ್ ಗುಂಪು. ದಿನಕ್ಕೆ ನೂರು ಫೋಟೋ. ನನ್ನ ಸಹೋದ್ಯೋಗಿಯೊಬ್ಬರು ಮೀಟಿಂಗಿನ ಮಧ್ಯೆ ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡ್ತಿದ್ದರು, ಮಗಳ ತಟ್ಟೆಯಲ್ಲಿ ಪಲ್ಯ ಎಷ್ಟಿದೆ ಅಂತ! ಮಗು ಮನೆಗೆ ಬಂದು "ಅಮ್ಮಾ, ನಾವು ಒಂದು ಜಲಪಾತಕ್ಕೆ ಹೋಗಿದ್ವಿ" ಅಂತ ಶುರು ಮಾಡಿದರೆ, "ಗೊತ್ತು, ಫೋಟೋ ನೋಡ್ದೆ. ನೀನ್ಯಾಕೆ ಹಿಂದೆ ನಿಂತಿದ್ದೆ?" ಅಂತ ಉತ್ತರ. ಕಥೆ ಅಲ್ಲಿಗೆ ಮುಗೀತು. ಕೊನೆ ಗೊತ್ತಿರುವವರಿಗೆ ಯಾರಾದರೂ ಕಥೆ ಹೇಳ್ತಾರಾ? ಸುರಕ್ಷತೆಗೆ ಫೋಟೋ ಬೇಕು ಅನ್ನುವವರಿದ್ದಾರೆ. ನನಗಂತೂ ಒಪ್ಪಿಗೆಯಿಲ್ಲ. ಫೋಟೋದಲ್ಲಿ ಎಲ್ಲರೂ ನಗುತ್ತಲೇ ಇರುತ್ತಾರೆ, ನಗಿ ಅಂದ ಮೇಲೇ ತಾನೇ ತೆಗೆಯೋದು.

ನನ್ನ ಅಕ್ಕನ ಮಗ ಹೋದ ವರ್ಷ ಸಕಲೇಶಪುರದ ಕಡೆ ಒಂದು ಶಿಬಿರಕ್ಕೆ ಹೋಗಿ ಬಂದ. ಒಂಬತ್ತು ವರ್ಷ. ಎರಡು ದಿನ ಅವನ ಬಾಯಿಂದ ಬಂದಿದ್ದು 'ಊಟ ಪರ್ವಾಗಿಲ್ಲ' ಅನ್ನೋ ಎರಡು ಪದ. ಮೂರನೇ ದಿನ ನಾನು ಅವರ ಮನೆಗೆ ಹೋದಾಗ ಅವನ ಬ್ಯಾಗು, ಬೂಟು ಒಣಹಾಕೋಕೆ ಇಬ್ಬರೂ ತಾರಸಿಗೆ ಹೋದ್ವಿ. ಬೂಟಿನ ಒಳಗೆ ಕಪ್ಪಗೆ ಏನೋ ಒಣಗಿ ಅಂಟಿಕೊಂಡಿತ್ತು.

"ಇದೇನೋ ಇದು?"

"ಇಂಬಳ ಚಿಕ್ಕಿ! ನಿಂಗೆ ಗೊತ್ತಾ ಇಂಬಳ?"

ಸಾಗರ ತಾಲೂಕಿನಲ್ಲಿ ಹುಟ್ಟಿ, ಮಳೆಗಾಲವಿಡೀ ಇಂಬಳಕ್ಕೆ ರಕ್ತದಾನ ಮಾಡಿಕೊಂಡೇ ಶಾಲೆಗೆ ಹೋದವಳು ನಾನು. ಆದರೂ "ಕಚ್ಚಿದ್ರೆ ನೋವಾಗತ್ತಾ?" ಅಂತ ಮಾತ್ರ ಕೇಳಿದೆ. ಅಲ್ಲಿಂದ ಅರ್ಧ ಗಂಟೆ ಅವನೇ ಮೇಷ್ಟ್ರು. ನೋವಾಗಲ್ವಂತೆ, ಗೊತ್ತೇ ಆಗಲ್ವಂತೆ. ಎಳೆದರೆ ರಬ್ಬರ್ ಥರ ಉದ್ದ ಆಗುತ್ತಂತೆ. ಉಪ್ಪು ಹಾಕಿದರೆ ಬಿದ್ದು ಹೋಗುತ್ತಂತೆ. ಇಡೀ ಗುಂಪಿನಲ್ಲಿ ಅತಿ ಧೈರ್ಯಶಾಲಿ ಅಂತ ಹೆಸರಾಗಿದ್ದ ಹುಡುಗ ಇಂಬಳ ನೋಡಿ ಅತ್ತುಬಿಟ್ಟನಂತೆ, ಯಾವಾಗಲೂ ಮೂಲೆಯಲ್ಲಿ ಕೂತಿರ್ತಿದ್ದ ಹುಡುಗಿ ಬಂದು ಬರಿಗೈಯಲ್ಲಿ ಕಿತ್ತೆಸೆದಳಂತೆ. ನಾನು ಮಾಡಿದ್ದು ಹೂಂ, ಆಮೇಲೆ, ಅಯ್ಯೋ, ಆಮೇಲೆ - ಇಷ್ಟೇ. ಇಂಬಳದಿಂದ ಕಥೆ ಹಳ್ಳಕ್ಕೆ ಬಂತು, ಹಳ್ಳದಿಂದ ಸಂಕಕ್ಕೆ, ಸಂಕದಿಂದ ರಾತ್ರಿಗೆ. ರಾತ್ರಿ ಟಾಯ್ಲೆಟ್ಟು ದೂರ ಇತ್ತಂತೆ, ಲೈಟು ಇರಲಿಲ್ವಂತೆ. "ಮೊದಲ್ನೇ ರಾತ್ರಿ ನಾನು ಹೋಗ್ಲೇ ಇಲ್ಲ ಚಿಕ್ಕಿ. ಬೆಳಗ್ಗೆವರೆಗೂ ತಡ್ಕೊಂಡಿದ್ದೆ."

ಬಟ್ಟೆ ಹಿಡಿದು ತಾರಸಿಗೆ ಬಂದ ಅಕ್ಕನ ಕಿವಿಗೆ ಇದು ಬಿತ್ತು. (ಅಕ್ಕ ಇದನ್ನೆಲ್ಲ ಓದಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದ್ದೀನಿ.) "ಏನು, ರಾತ್ರಿಯಿಡೀ ಹೋಗ್ಲಿಲ್ವಾ? ಯಾರಿಗೂ ಹೇಳೋಕಾಗ್ಲಿಲ್ವಾ ನಿಂಗೆ? ಇರು, ಈಗ್ಲೇ ಅವ್ರಿಗೆ ಫೋನ್ ಮಾಡ್ತೀನಿ. ಮುಂದಿನ ವರ್ಷ ಎಲ್ಲಿಗೂ ಕಳ್ಸಲ್ಲ." ಹುಡುಗ ಬೂಟಿನ ಲೇಸು ಬಿಚ್ಚೋಕೆ ಶುರು ಮಾಡಿದ. ಆಮೇಲೆ ಎಷ್ಟು ಹೂಂಗುಟ್ಟಿದರೂ ಮಾತು ಹೊರಡಲಿಲ್ಲ.

ನನಗೆ ಬೇಸರ ಆಗೋದು ಇಲ್ಲಿ. ಅಕ್ಕನ ಆತಂಕ ಸುಳ್ಳಲ್ಲ. ಲೈಟಿಲ್ಲದ ಟಾಯ್ಲೆಟ್ಟಿನ ಬಗ್ಗೆ ಶಿಬಿರದವರಿಗೆ ಹೇಳಲೇಬೇಕು. ಆದರೆ ಅದನ್ನು ಮರುದಿನ, ಮಗು ಶಾಲೆಗೋ ಆಟಕ್ಕೋ ಹೋದಾಗ ಹೇಳಬಹುದಿತ್ತು. ಮಗುವಿನ ಕಣ್ಣೆದುರೇ ತೀರ್ಪು ಕೊಟ್ಟರೆ ಅದು ಕಲಿಯೋ ಪಾಠ ಬೇರೆ. ಹೇಳಿದರೆ ಅಮ್ಮ ಕೂಗಾಡ್ತಾಳೆ, ಹೇಳಿದರೆ ಅಣ್ಣಂಗೆ ಬೈತಾರೆ, ಹೇಳಿದರೆ ಮುಂದಿನ ವರ್ಷ ಗೆಳೆಯರು ಸಿಗಲ್ಲ. ಒಂಬತ್ತು ವರ್ಷಕ್ಕೆ ಈ ಲಾಭ ನಷ್ಟದ ಲೆಕ್ಕ ಚೆನ್ನಾಗೇ ಬರುತ್ತೆ. ಮುಂದಿನ ಸಲದಿಂದ ಕಥೆಯನ್ನು ಸೋಸಿ ಹೇಳ್ತಾನೆ. ಸೋಸಿದ ಕಥೆಯ ಹೆಸರೇ 'ಚೆನ್ನಾಗಿತ್ತು'.

ಹಾಗಾದರೆ ಹೇಗೆ ಕೇಳಬೇಕು? ಅಮೆರಿಕದ ರಾಬಿನ್ ಫೈವುಶ್, ನ್ಯೂಜಿಲೆಂಡಿನ ಇಲೇನ್ ರೀಸ್ ಎಂಬ ಮನಶ್ಶಾಸ್ತ್ರಜ್ಞೆಯರು ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದ್ದಾರೆ. ಕಳೆದುಹೋದ ಘಟನೆಗಳ ಬಗ್ಗೆ ಅಮ್ಮ ಮತ್ತು ಮಗು ಮಾತಾಡೋದನ್ನು ಧ್ವನಿಮುದ್ರಿಸಿಕೊಂಡು ನೋಡಿದರು. ಕೆಲವು ಅಮ್ಮಂದಿರು ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳ್ತಾರೆ, ತಮಗೆ ಬೇಕಾದ ಉತ್ತರ ಬರೋವರೆಗೆ, ನೆನಪಿನ ಪರೀಕ್ಷೆಯ ಹಾಗೆ. ಇನ್ನು ಕೆಲವರು ಮಗು ಹೇಳಿದ್ದನ್ನು ಹಿಡಿದುಕೊಂಡು, ಅದಕ್ಕೆ ಒಂದು ಎಳೆ ಸೇರಿಸಿ, ಮುಂದಕ್ಕೆ ಬಿಡ್ತಾರೆ. ಎರಡನೇ ಬಗೆಯ ಮನೆಗಳ ಮಕ್ಕಳು ಬೆಳೆದಂತೆ ತಮ್ಮ ಅನುಭವಗಳನ್ನು ಹೆಚ್ಚು ವಿವರವಾಗಿ ಹೇಳಬಲ್ಲವರಾಗ್ತಾರೆ ಅಂತ ಅವರು ಕಂಡುಕೊಂಡರು. ಓದಿದಾಗ ನನಗೆ ನಗು ಬಂತು. ನಮ್ಮಲ್ಲಿ ಇದಕ್ಕೆ ಹೆಸರೇ ಇದೆಯಲ್ಲ, ಹೂಂಗುಟ್ಟೋದು. ಅಜ್ಜಿ ಕಥೆ ಹೇಳುವಾಗ ಒಬ್ಬರಾದರೂ ಹೂಂ ಅನ್ನಲೇಬೇಕಿತ್ತು, ಇಲ್ಲದಿದ್ದರೆ ಕಥೆ ನಿಲ್ಲಿಸಿಬಿಡ್ತಿದ್ದಳು. ಆಗ ನಾವು ಮಕ್ಕಳು ಹೂಂಗುಟ್ಟಿದೆವು. ಈಗ ಹೇಳುವ ಸರದಿ ಮಕ್ಕಳದ್ದು ಅಂದರೆ, ಹೂಂಗುಟ್ಟುವ ಸರದಿ ಯಾರದ್ದು?

ಇದನ್ನೇ ಎಷ್ಟೋ ವರ್ಷ ಮೊದಲು ಮಾಡಿ ತೋರಿಸಿದ ಒಬ್ಬ ಮೇಷ್ಟ್ರಿದ್ದಾರೆ. 'ತೊತ್ತೋಚಾನ್' ನೀವೂ ಓದಿರ್ತೀರಿ, ಕನ್ನಡಕ್ಕೂ ಬಂದಿದೆ. ಜಪಾನಿನ ತೆತ್ಸುಕೊ ಕುರೊಯನಗಿ 1981ರಲ್ಲಿ ಬರೆದ ತನ್ನ ಬಾಲ್ಯದ ಕಥೆ. ಮೊದಲ ಶಾಲೆಯಿಂದ ಹೊರಹಾಕಿಸಿಕೊಂಡು ಬಂದ ಪುಟ್ಟ ಹುಡುಗಿಯನ್ನು ಮುಖ್ಯೋಪಾಧ್ಯಾಯ ಕೊಬಾಯಾಶಿ ಎದುರು ಕೂರಿಸಿಕೊಂಡು, ನಿನಗೆ ಏನು ಹೇಳಬೇಕೋ ಎಲ್ಲಾ ಹೇಳು ಅಂತಾರೆ. ನಾಲ್ಕು ಗಂಟೆ ಕಾಲ ಕೇಳ್ತಾರೆ! ಆಕಳಿಸದೆ, ಗಡಿಯಾರ ನೋಡದೆ. (ಎದುರು ಕೂರಿಸಿದರೆ ಬಾಯಿ ಒಣಗುತ್ತೆ ಅಂತ ಮೇಲೆ ಬರೆದಿದ್ದೆ. ಕೊಬಾಯಾಶಿಯಂಥವರು ಎದುರಿದ್ದರೆ ಒಣಗಲ್ಲ ಅಂತ ತಿದ್ದಿಕೊಳ್ಳಿ.) ಆ ಪುಸ್ತಕದಲ್ಲಿ ನನಗೆ ಅದಕ್ಕಿಂತಲೂ ಇಷ್ಟವಾದ ಭಾಗ ಇನ್ನೊಂದಿದೆ. ಊಟದ ಹೊತ್ತಿಗೆ ದಿನಕ್ಕೊಬ್ಬ ಮಗು ಎದ್ದು ಏನಾದರೂ ಹೇಳಬೇಕು ಅಂತ ಆ ಶಾಲೆಯಲ್ಲಿ ರೂಢಿ. ಒಬ್ಬ ಹುಡುಗ ನನಗೆ ಹೇಳೋಕೆ ಏನೂ ಇಲ್ಲ ಅಂದುಬಿಡ್ತಾನೆ. ಮೇಷ್ಟ್ರು ಬಿಡಲ್ಲ, ಬೈಯೋದೂ ಇಲ್ಲ. ಬೆಳಗ್ಗೆ ಎದ್ದಾಗಿನಿಂದ ಶುರು ಮಾಡಿಸ್ತಾರೆ. ಎದ್ದೆ.. ಆಮೇಲೆ.. ಅಮ್ಮ ಹಲ್ಲುಜ್ಜು ಅಂದಳು.. ಆಮೇಲೆ.. ಹೀಗೆ ಎಳೆದು ಎಳೆದು ಅವನು ಶಾಲೆಗೆ ಬಂದದ್ದರ ತನಕ ತಲುಪ್ತಾನೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅಷ್ಟೇ ಕಥೆ. ಆ ಹುಡುಗನಿಗೆ ಅವತ್ತು ಗೊತ್ತಾಗಿದ್ದು, ತಾನು ಹಲ್ಲುಜ್ಜಿದ್ದನ್ನೂ ಕೇಳೋಕೆ ಜನ ಇದ್ದಾರೆ ಅಂತ. ಆ ಶಾಲೆ 1945ರಲ್ಲಿ ಟೋಕಿಯೋ ಮೇಲಿನ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು.

ಕನ್ನಡದ ಬಗ್ಗೆ ಕಾಳಜಿ ಇರುವ ನಮ್ಮಂಥವರಿಗೆ ಒಂದು ಕಿವಿಮಾತು. ಮಗು "ಕ್ಯಾಂಪ್‌ಫೈರ್ ಸಕ್ಕತ್ ಆಸಮ್ ಆಗಿತ್ತು, ವಿ ಆಲ್ ಸ್ಯಾಂಗ್" ಅಂತ ಶುರು ಮಾಡಿದರೆ ದಯವಿಟ್ಟು "ಕನ್ನಡದಲ್ಲಿ ಹೇಳು ಪುಟ್ಟಿ" ಅನ್ನಬೇಡಿ. ಕನ್ನಡ ಬೇಕು, ಖಂಡಿತಾ ಬೇಕು, ಆದರೆ ಆ ಕ್ಷಣಕ್ಕೆ ಬೇಡ. ಅರ್ಧ ಓಡ್ತಿರೋ ಮಗುವನ್ನು ನಿಲ್ಲಿಸಿ ಚಪ್ಪಲಿ ಸರಿ ಹಾಕಿಸಿದ ಹಾಗಾಗುತ್ತೆ. ನೀವು ಹೂಂಗುಟ್ಟುವಾಗ ಕನ್ನಡದಲ್ಲಿ ಹೂಂಗುಟ್ಟಿ ಸಾಕು. ನಮ್ಮ ಹುಡುಗನಿಗೆ ಇಂಬಳ, ಹಳ್ಳ, ಸಂಕ ಅನ್ನೋ ಪದಗಳು ಅಲ್ಲೇ ಸಿಕ್ಕಿದ್ದು. ಯಾವ ಪಠ್ಯಪುಸ್ತಕವೂ ಕೊಡದ ಪದಗಳು, ಕಾಲಿಗೆ ಕಚ್ಚಿಕೊಂಡೇ ಬಂದವು. ಅವುಗಳಿಗೆ ಇಂಗ್ಲಿಷ್ ಹುಡುಕೋಕೆ ಅವನಿಗೆ ಹೊಳೆಯಲೂ ಇಲ್ಲ.

ಇನ್ನೊಂದು ಸಂಗತಿ. ಕಥೆಗಳು ನಡೆದ ಕ್ರಮದಲ್ಲಿ ಬರಲ್ಲ. ಮೊದಲು ಬರೋದು ಕೊನೆಯ ದಿನದ್ದು, ಬಹುಮಾನ, ನಾಟಕ, ವಿದಾಯ. ಮೊದಲ ರಾತ್ರಿಯ ಕಥೆ ಎಲ್ಲಕ್ಕಿಂತ ಕೊನೆಗೆ ಬರುತ್ತೆ, ಯಾಕೆಂದರೆ ಮೊದಲ ರಾತ್ರಿ ಬಹಳಷ್ಟು ಮಕ್ಕಳು ಅತ್ತಿರುತ್ತಾರೆ. ಅಮೆರಿಕದಲ್ಲಿ ಕ್ಯಾಂಪು ಹಳೆಯ ಪದ್ಧತಿ, 1861ರಲ್ಲಿ ಕನೆಕ್ಟಿಕಟ್‌ನ ಫ್ರೆಡರಿಕ್ ಗನ್ ಅನ್ನೋ ಮೇಷ್ಟ್ರು ತಮ್ಮ ಶಾಲೆಯ ಹುಡುಗರನ್ನು ಕರೆದುಕೊಂಡು ಹೋಗಿ ಡೇರೆ ಹಾಕಿದಲ್ಲಿಂದ ಅವರು ಲೆಕ್ಕ ಹಾಕ್ತಾರೆ. ಹಾಗಾಗಿ ಈ ಮನೆ ನೆನಪಿನ ಅಳುವಿನ ಬಗ್ಗೆ ಅವರಲ್ಲಿ ಹಾಡುಗಳೂ ಇವೆ, ವೈದ್ಯರ ವರದಿಗಳೂ ಇವೆ. ಆಲನ್ ಶೆರ್ಮನ್ ಅನ್ನೋ ಹಾಸ್ಯಗಾರ 1963ರಲ್ಲಿ ಹಾಡಿದ ಒಂದು ಹಾಡು ಪೂರ್ತಿ ಕ್ಯಾಂಪಿನಿಂದ ಹುಡುಗ ಬರೆದ ಕಾಗದದ ರೂಪದಲ್ಲಿದೆ. ಮಳೆ, ಕಾಯಿಲೆ, ಭಯ ಎಲ್ಲಾ ವರ್ಣಿಸಿ ಬಂದು ಕರ್ಕೊಂಡು ಹೋಗಿ ಅಂತ ಗೋಗರೆದು, ಕೊನೆಗೆ ಮಳೆ ನಿಂತು ಹುಡುಗರು ಆಟಕ್ಕಿಳಿದದ್ದು ನೋಡಿ, ಈ ಕಾಗದ ಮರೆತುಬಿಡಿ ಅಂತಾನೆ. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2007ರಲ್ಲಿ ಇದೇ ವಿಷಯದ ಮೇಲೆ ಹೊರತಂದ ವರದಿಯೂ, ಬೇಜಾರಾದರೆ ಬಂದು ಕರ್ಕೊಂಡು ಬರ್ತೀವಿ ಅಂತ ಮೊದಲೇ ಮಾತು ಕೊಡಬೇಡಿ ಅನ್ನುತ್ತೆ. ಹುಡುಗ ಅತ್ತಿದ್ದೂ ನಿಜ, ನಕ್ಕಿದ್ದೂ ನಿಜ. ಎರಡನ್ನೂ ಒಟ್ಟಿಗೆ ಹೇಳೋಕೆ ಸಮಯ ಬೇಕು. ನಮ್ಮ ಹುಡುಗನ ಟಾಯ್ಲೆಟ್ ಕಥೆಯ ಉಳಿದ ಭಾಗ ನನಗೆ ಸಿಕ್ಕಿದ್ದು ಆಗಸ್ಟಿನಲ್ಲಿ, ಗಣೇಶನ ಹಬ್ಬಕ್ಕೆ ಕಡುಬು ಮಾಡುವಾಗ. ಎರಡನೇ ರಾತ್ರಿ ಪಕ್ಕದ ಹಾಸಿಗೆಯವನೂ ತಡ್ಕೊಂಡು ಮಲಗಿದ್ದಾನೆ ಅಂತ ಗೊತ್ತಾಯಿತಂತೆ. ಇಬ್ಬರೂ ಕೈ ಹಿಡಿದುಕೊಂಡು ಜೋರಾಗಿ ರಾಷ್ಟ್ರಗೀತೆ ಹೇಳುತ್ತಾ ಹೋಗಿ ಬಂದರಂತೆ!

ಈಗ ಮೇಲೆ ಬಿಟ್ಟ ವಿಷಯ. ಇಷ್ಟು ಹೊತ್ತು ಹೇಳಿದ್ದೆಲ್ಲ ಸಣ್ಣ ಸಣ್ಣ ಕಥೆಗಳ ಮಾತಾಯಿತು. ಸಣ್ಣದನ್ನು ಕೇಳಿಸಿಕೊಳ್ಳಿ ಅಂತ ನಾನು ಇಷ್ಟು ಒತ್ತಿ ಹೇಳೋದು ದೊಡ್ಡದರ ಸಲುವಾಗಿ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. ಶೇ. 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದ್ದರು. ಅವರಲ್ಲಿ ಹೆಚ್ಚಿನವರು ಅದನ್ನು ಯಾರಿಗೂ ಹೇಳಿರಲಿಲ್ಲ. ಶಿಬಿರಗಳೇ ಅಪಾಯದ ಜಾಗ ಅಂತ ಹೆದರಿಸೋಕೆ ಈ ಅಂಕಿ ಕೊಡ್ತಿಲ್ಲ. ಮನೆ, ನೆಂಟರ ಮನೆ, ಶಾಲೆಯ ವ್ಯಾನು, ಯಾವುದೂ ಇದಕ್ಕೆ ಹೊರತಲ್ಲ. ನನ್ನನ್ನು ಕಾಡೋದು ಆ ಕೊನೆಯ ವಾಕ್ಯ. ಕತ್ತಲೆಯ ಟಾಯ್ಲೆಟ್ಟಿನ ಬಗ್ಗೆ ಹೇಳಿದ್ದಕ್ಕೇ ಮನೆಯಲ್ಲಿ ಭೂಕಂಪ ಆಗುತ್ತೆ ಅಂತ ಕಂಡುಕೊಂಡ ಮಗು, ಅದಕ್ಕಿಂತ ದೊಡ್ಡದು ನಡೆದರೆ ಯಾರಿಗೆ ಹೇಳಬೇಕು?

ಇದನ್ನು ಓದಿ ಗಾಬರಿಯಾಗಿ ಇವತ್ತೇ ಮಗುವನ್ನು ಕೂರಿಸಿಕೊಂಡು "ಅಲ್ಲಿ ಯಾರಾದ್ರೂ ನಿನ್ನ ಮುಟ್ಟಿದ್ರಾ? ಆ ಸರ್ ಮುಟ್ಟಿದ್ರಾ? ನಿಜ ಹೇಳು" ಅಂತ ಶುರು ಮಾಡುವವರೂ ಇದ್ದಾರೆ. ಅದೂ ಕೆಲಸಕ್ಕೆ ಬರಲ್ಲ, ಕೆಲಸ ಕೆಡಿಸುತ್ತೆ. ಕ್ಯಾಲಿಫೋರ್ನಿಯಾದ ಮೆಕ್‌ಮಾರ್ಟಿನ್ ಶಿಶುವಿಹಾರದ ಪ್ರಕರಣ 1983ರಲ್ಲಿ ಶುರುವಾಗಿ 1990ರವರೆಗೆ ನಡೆದು ಒಬ್ಬರಿಗೂ ಶಿಕ್ಷೆಯಾಗದೆ ಮುಗಿಯಿತು. ಅಲ್ಲಿ ಮಕ್ಕಳನ್ನು ಮಾತಾಡಿಸಿದವರು ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಿದ್ದರು. ಕೊನೆಗೆ ಯಾವುದು ಮಗುವಿನ ಮಾತು, ಯಾವುದು ದೊಡ್ಡವರದ್ದು ಅಂತ ಬೇರೆ ಮಾಡೋಕೆ ಆಗಲಿಲ್ಲ. ಆಮೇಲೆ ಮಕ್ಕಳ ಸಾಕ್ಷ್ಯದ ಬಗ್ಗೆ ಸಂಶೋಧನೆ ಮಾಡಿದವರೆಲ್ಲ ಬಂದು ನಿಂತಿದ್ದು ಒಂದೇ ಕಡೆ. ಏನು ನಡೀತು ಹೇಳು. ಆಮೇಲೆ ಏನಾಯಿತು. ನೋಡಿ, ಮತ್ತೆ ಅದೇ ಆಮೇಲೆ, ಅದೇ ಹೂಂ.

ಅಕಸ್ಮಾತ್ ಮಗು ಅಂಥದ್ದೇನಾದರೂ ಹೇಳಿದರೆ? ಯಾರಿಗೂ ಹೇಳಲ್ಲ ಅಂತ ಆಣೆ ಇಡಬೇಡಿ, ಯಾಕೆಂದರೆ ಹೇಳಲೇಬೇಕಾಗುತ್ತೆ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸೋದು ಕಡ್ಡಾಯ. 'ಮರ್ಯಾದೆ ಪ್ರಶ್ನೆ' ಅಂತ ಮುಚ್ಚಿಡೋದು ಅಪರಾಧ. "ನೀನ್ಯಾಕೆ ಅಲ್ಲಿಗೆ ಹೋದೆ" ಅನ್ನಬೇಡಿ. ಹತ್ತು ಜನರ ಮುಂದೆ ಹತ್ತು ಸಲ ಹೇಳಿಸಬೇಡಿ. ಮಗು ಯಾವ ಪದ ಬಳಸಿತೋ ಅದೇ ಪದದಲ್ಲಿ, ತಾರೀಕು ಹಾಕಿ ಬರೆದಿಟ್ಟುಕೊಳ್ಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಪೊಲೀಸ್ ಠಾಣೆ ಅಂದರೆ ಹೆದರೋ ಮಕ್ಕಳಿಗೆ, ಅವರಿಗಿಂತ ಹೆಚ್ಚಾಗಿ ಹೆದರೋ ದೊಡ್ಡವರಿಗೆ, ಇನ್ನೊಂದು ಮಾತು ಗೊತ್ತಿರಲಿ. ಅದೇ ಕಾಯ್ದೆಯ 24ನೇ ಕಲಮಿನಂತೆ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ ಬರೆದುಕೊಳ್ಳಬೇಕು, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಅವರು ಸಮವಸ್ತ್ರದಲ್ಲಿ ಇರಬಾರದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ಇದಕ್ಕೆಲ್ಲ ತಯಾರಿ ಮಗು ಹೋಗುವ ಮೊದಲೇ ಆಗಬೇಕು ಅನ್ನೋದು ನನ್ನ ಅಭಿಪ್ರಾಯ. ಬ್ಯಾಗು ತುಂಬುವಾಗ, ಸೊಳ್ಳೆ ಔಷಧಿ ಇಟ್ಟಿದೀನಿ ಅಂತ ಹೇಳುವ ದನಿಯಲ್ಲೇ ಹೇಳಬಹುದು. "ಮನೇಲಿ ಹೇಳಬೇಡ ಅಂತ ಯಾರಾದ್ರೂ ಏನಾದ್ರೂ ಅಂದ್ರೆ, ಅದನ್ನೇ ಮೊದಲು ಬಂದು ಹೇಳು. ನಾನು ಬೈಯಲ್ಲ." ಬೈಯಲ್ಲ ಅಂದ ಮೇಲೆ ಕಳೆದುಹೋದ ಟವೆಲ್ಲಿಗೂ ಬೈಯಬಾರದು, ಕಷ್ಟ ಅದೇ :-)

ಸುಮ್ಮನಿರುವ ಮಕ್ಕಳೆಲ್ಲ ಏನೋ ಮುಚ್ಚಿಡ್ತಿದ್ದಾರೆ ಅಂತಲೂ ಅಲ್ಲ. ಕೆಲವು ಮಕ್ಕಳ ಸ್ವಭಾವವೇ ಹಾಗೆ. ಹದಿಮೂರು ಹದಿನಾಲ್ಕರ ಮಕ್ಕಳಂತೂ ಗೆಳೆಯರ ಜೊತೆಗಿನದನ್ನು ನಿಮಗೆ ಹೇಳಬೇಕಾಗಿಯೂ ಇಲ್ಲ. ಎಂದಿನಂತೆ ಉಂಡು, ಮಲಗಿ, ಜಗಳಾಡಿಕೊಂಡಿದ್ದರೆ ಬಿಟ್ಟುಬಿಡಿ. ನಿದ್ದೆ ಕೆಟ್ಟಿದೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡೋದು ಮತ್ತೆ ಶುರುವಾಗಿದೆ, ಯಾರದೋ ಹೆಸರು ಕೇಳಿದರೆ ಮಗು ಮುದುಡುತ್ತೆ ಅಂದರೆ ಮಾತ್ರ ಆ ಮೌನ ಬೇರೆ. ಅದಕ್ಕೆ ಹತ್ತಿರ ಕೂತಿರಬೇಕು, ಬೇಕಾದರೆ ತಜ್ಞರ ಹತ್ತಿರ ಹೋಗಬೇಕು.

ಉಳಿದಂತೆ ನನ್ನ ಅನುಭವಕ್ಕೆ ಬಂದ ಒಳ್ಳೆಯ ಜಾಗಗಳು: ಅವರೆಕಾಳು ಹಿದುಕುವಾಗ, ಸ್ಕೂಟರಿನ ಹಿಂದಿನ ಸೀಟು, ದೀಪ ಆರಿಸಿದ ಮೇಲಿನ ಹತ್ತು ನಿಮಿಷ. ಸ್ಕೂಟರಿನಲ್ಲಿ ಅರ್ಧ ಮಾತು ಗಾಳಿಗೆ ಹೋಗುತ್ತೆ, ಹೋದರೆ ಹೋಗಲಿ. ನಿಮ್ಮ ಮನೆಯ ಮಕ್ಕಳು ಯಾವ ಹೊತ್ತಿನಲ್ಲಿ, ಎಲ್ಲಿ ಬಾಯಿ ಬಿಡ್ತಾರೆ? ಬಿಡುವಾದಾಗ ಬರೀರಿ.

ಹೂಂ.. ಆಮೇಲೆ?